ಮೂರು ತಾಲ್ಲೂಕಿನ ಬಂದೂಕು

ನಿಂಬರ್ಗಾದ ಪಡಸಾಲೆಯಲ್ಲಿ ಅಂದು ಕೂತವರು ಇಷ್ಟು: ನಮ್ಮ ಆಯಿ (ತಾಯಿಯ ತಾಯಿ), ಅವಳ ಮೂವರು ಗಂಡುಮಕ್ಕಳು, ಮತ್ತು ಚಹಾದ ಆಸೆಗೆ ಬಂದ ನಾನು. ಮಾವಂದಿರ ತೊಡೆಯ ಮೇಲೆ ಒಂದೊಂದು ಗಂಟು. ಊರಲ್ಲೇ ಒಕ್ಕಲುತನ ಮಾಡುವ ದೊಡ್ಡಮಾವನ ಧೋತರದ ಗಂಟಿನಲ್ಲಿ ಬಂದೂಕಿನ ನಳಿಗೆ. ಅಫಜಲಪುರದಲ್ಲಿ ಅಡತಿ (ಕಾಳುಕಡಿ ದಲ್ಲಾಳಿ) ಅಂಗಡಿ ಇಟ್ಟಿರುವ ನಡುವಿನ ಮಾವನದು ಮರದ ಹಿಡಿಕೆ. ಜೇವರ್ಗಿಯ ಬಟ್ಟೆ ವ್ಯಾಪಾರಿ ಸಣ್ಣಮಾವನ ಕರ್ಚೀಫಿನಲ್ಲಿ ಕುದುರೆ (ಗಾಬರಿ ಬೇಡ, ಮದ್ದಿಗೆ ಕಿಡಿ ಕೊಡುವ ಕಬ್ಬಿಣದ ತುಂಡಿನ ಹೆಸರದು).

ಮೂರೂ ಸೇರಿದರೆ ನಮ್ಮ ಅಜ್ಜನ ಬಂದೂಕು. ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ತೊಗರಿಗೆ ಹಂದಿ ನುಗ್ಗಿದರೆ ಗಾಳಿಯಲ್ಲಿ ಒಂದು ಢಂ, ಅಷ್ಟೇ.

ಅಜ್ಜ ತೀರಿಕೊಂಡ ಮೇಲೆ ಪಾಲಾಯಿತು. ಹೊಲ, ಮನೆ, ಎತ್ತು ಎಲ್ಲ ಸಲೀಸು. ಬಂದೂಕು ಮಾತ್ರ ಮೂವರಿಗೂ ಬೇಕು. ಕೊನೆಗೆ ಬಿಚ್ಚಿ ಹಂಚಿಕೊಂಡರು. ತನ್ನ ಪಾಲಿಗೆ ಬಂದದ್ದೇ ಅಸಲಿ ಬಂದೂಕು ಎಂದು ಅಂದು ಮೂವರೂ ಮೀಸೆ ತಿರುವಿದ್ದರು.

ಈಗ ಠಾಣೆಯಿಂದ ನೋಟಿಸ್ ಬಂದಿತ್ತು. ಲೈಸೆನ್ಸುದಾರರು ತೀರಿದ್ದಾರೆ, ಬಂದೂಕು ಯಾರ ಬಳಿ ಇದೆಯೋ ಅವರು ತಂದೊಪ್ಪಿಸಬೇಕು, ಬೇಕಾದವರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು.

ಯಾರ ಬಳಿ ಇದೆ?

"ನಂದು ಬರೀ ಕಟಗಿ. ಕಟಗಿಗ್ಯಾಕ ಲೈಸೆನ್ಸ್?" ಎಂದ ನಡುವಿನ ಮಾವ.

"ನಂದು ಕೊಳವಿ. ಒಲಿ ಊದ್ಲಿಕ್ಕ ಬರ್ತದ," ದೊಡ್ಡಮಾವ.

"ನಂದು ಕಿಸೇದಾಗ ಕೂಡ್ತದ. ಇದಕ್ಕ ಬಂದೂಕ ಅಂತಾರೇನು?" ಸಣ್ಣಮಾವ.

ನನಗೆ ನಗು ತಡೆಯಲಿಲ್ಲ. ಅಮೆರಿಕದಲ್ಲೂ ಇದೇ ಜಗಳ ನಡೆದದ್ದನ್ನು ಪೇಪರಿನಲ್ಲಿ ಓದಿದ್ದೆ. ಅಲ್ಲಿ ಬಂದೂಕಿನ ಬಿಡಿಭಾಗಗಳನ್ನು ಡಬ್ಬಿಯಲ್ಲಿಟ್ಟು ಮಾರುತ್ತಾರೆ, ಮನೆಯಲ್ಲಿ ಜೋಡಿಸಿಕೊಳ್ಳಿ ಎಂದು. ಸುಲಭವಾಗಿ ಜೋಡಿಸಬಹುದಾದರೆ ಅದೂ ಬಂದೂಕೇ, ನಂಬರು ಹಾಕಿ, ಕೊಳ್ಳುವವನು ಎಂಥವನೆಂದು ವಿಚಾರಿಸಿ ಎಂದು ಕೇಂದ್ರದ ಇಲಾಖೆ ನಿಯಮ ಮಾಡಿತು. ಮಾರುವವರು ಕೋರ್ಟಿಗೆ ಓಡಿದರು. ಗಿರಾಕಿಯ ಮುಂದೆ ಬಂದೂಕು, ಜಡ್ಜಿನ ಮುಂದೆ ಬರೀ ತುಂಡು. ಕೆಳಗಿನ ಕೋರ್ಟು ನಂಬಿತು. ಎಲ್ಲಕ್ಕೂ ಮೇಲಿನದು ನಂಬಲಿಲ್ಲ.

ಇಷ್ಟನ್ನು ಹೇಳಿದೆ. ಆಯಿ ಚಹಾಕ್ಕೆ ಇಟ್ಟು ತಿರುಗಿದಳು. "ಲೇ, ಚಾ ಕುದಿಯೋದ್ರೊಳಗ ಜೋಡಸ್ರಿ ನೋಡೋಣ. ಕೂಡಿತಂದ್ರ ಬಂದೂಕ. ಇಲ್ಲಂದ್ರ ಗುಜರಿಗಿ ಹಾಕ್ರಿ."

ಚಹಾ ಉಕ್ಕುವ ಮೊದಲೇ ಬಂದೂಕು ಕಂಬಕ್ಕೆ ಒರಗಿ ನಿಂತಿತ್ತು. (ಅಮೆರಿಕದ ಜಡ್ಜುಗಳಿಗೆ ಇದಕ್ಕೆ ಎಷ್ಟು ಪುಟ ಬೇಕಾಯಿತೋ.)

"ಹಂಗಾರ ಅರ್ಜಿ ದೊಡ್ಡಂವ ಹಾಕ್ಲಿ. ಹಂದಿ ಬರೋದು ಅವನ ಹೊಲಕ್ಕ. ನಿಮ್ಮ ಅಂಗಡಿಗಲ್ಲ," ಎಂದಳು ಆಯಿ.

"ಅದ್ಹೆಂಗ ಯವ್ವಾ? ಹಿಡಿಕಿ ಇಲ್ದ ಅದು ಬಂದೂಕೇನು?"

"ಕುದುರಿ ಇಲ್ದ ಢಂ ಅಂತದೇನು?"

ನೋಡಿ, ಕಟ್ಟಿಗೆ ಮತ್ತೆ ಬಂದೂಕಾಯಿತು. ಲೈಸೆನ್ಸ್ ಕೇಳಿದಾಗ ತುಂಡು, ಹಕ್ಕು ಕೇಳಿದಾಗ ಇಡೀ ಬಂದೂಕು. ಇದನ್ನು ಅಮೆರಿಕದವರು ನಮ್ಮಿಂದ ಕಲಿತರೋ, ನಾವು ಅವರಿಂದಲೋ?

ಬಂದೂಕು ಈಗ ಠಾಣೆಯಲ್ಲಿದೆ. ಅರ್ಜಿ ಮೂವರದ್ದೂ ಹೋಗಿದೆ, ಒಬ್ಬರ ಮೇಲೊಬ್ಬರ ತಕರಾರೂ ಹೋಗಿದೆ. ಸಣ್ಣಮಾವ ವಕೀಲರನ್ನೂ ಹಿಡಿದಿದ್ದಾನೆ.

ಹೋದ ವಾರ ಗಾಣಗಾಪುರಕ್ಕೆ ಹೊರಟವನು ನಿಂಬರ್ಗಾದಲ್ಲಿ ಇಳಿದೆ. ಹಂದಿಗಳು ನುಗ್ಗಿ ತೊಗರಿಯ ಸಾಲುಗಳು ನೆಲಕ್ಕೆ ಮಲಗಿದ್ದವು. ದೊಡ್ಡಮಾವ ಬದುವಿನ ಮೇಲೆ ನಿಂತು, ಅಜ್ಜ ಉಣ್ಣುತ್ತಿದ್ದ ಕಂಚಿನ ತಾಟನ್ನು ಕೋಲಿನಿಂದ ಬಡಿದು ಹಂದಿ ಬೆದರಿಸುತ್ತಿದ್ದ.

ಪಾಲಿನ ದಿನ ಆ ತಾಟನ್ನು ಯಾರೂ ಕೇಳಿರಲಿಲ್ಲ.