ಹಸಿರು ತಂತಿ ಮತ್ತು ಬಲಗಡೆಯ ದೀಪ

ಮಾನ್ಯ ಓದುಗರೇ,

ಮೊದಲನೆಯದಾಗಿ, ನನ್ನ ಕಾಗುಣಿತದ ದೋಷಗಳನ್ನೂ ಕೋಳಿ ಕೆದರಿದಂತಿರುವ ಅಕ್ಷರಗಳನ್ನೂ ದಯಮಾಡಿ ಮನ್ನಿಸಬೇಕೆಂದು ಕೋರುತ್ತೇನೆ. ನಾನು ಆತಗೂರಿನ ಕಡೆಯ ಹಳ್ಳಿಯೊಂದರಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಜೀವನ ನಡೆಸುವವನು. ಇದುವರೆಗೆ ನಾನು ಬರೆದಿರುವುದೆಲ್ಲ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಬದಲಿಸಿಕೊಡಿ ಎಂದು ರೈತರ ಪರವಾಗಿ ಸಲ್ಲಿಸಿದ ಮನವಿಗಳು. ಬೇರೆ ರೀತಿ ತಿಳಿಯದ ಕಾರಣ ಇದನ್ನೂ ಅದೇ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ವಿಷಯ: ನಮ್ಮ ಕಾರಿನ ಹಿಂಬದಿಯ ಬಲ ಸಿಗ್ನಲ್ ದೀಪವನ್ನು ಎಲ್‌ಇಡಿಗೆ ಬದಲಾಯಿಸಿದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಹೆಂಡತಿ ಮಂಡ್ಯದ ಬಳಿಯ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಭತ್ತದ ತಾಕುಗಳಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಅವಳನ್ನು ಕರೆತರುವುದು ನನ್ನ ಪಾಲಿನ ಕೆಲಸ. ಕಾರು ಹಳೆಯದು. ಮದ್ದೂರಿನ ದಿಕ್ಕಿಗೆ ಬರುವಾಗ ಇಳಿಬಿಸಿಲು ಹಿಂದಿನಿಂದ ಬೀಳುವುದರಿಂದ ಅದರ ಸಿಗ್ನಲ್ ದೀಪ ಉರಿದರೂ ಕಾಣುತ್ತಿರಲಿಲ್ಲ. ಆದ್ದರಿಂದ ಅವಳು ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕುಳಿತು, ಊರಿನ ದಾರಿಗೆ ಬಲಕ್ಕೆ ತಿರುಗುವಾಗ ಕಿಟಕಿಯಿಂದ ಕೈ ಚಾಚುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರಿನವರೂ ಹೀಗೆಯೇ ಕೈ ತೋರಿಸುವುದರಿಂದ ಇದು ನಮಗೆ ವಿಚಿತ್ರವೆನಿಸಿರಲಿಲ್ಲ. ಒಂದು ದಿನ ಹಿಂದಿನಿಂದ ನುಗ್ಗಿದ ಬೈಕೊಂದರ ಕನ್ನಡಿ ಆ ಕೈಗೆ ಬಡಿಯಿತು. ಬಳೆಗಳು ಒಡೆದವು, ಮುಂಗೈ ಊದಿಕೊಂಡಿತು.

ಮನೆಗೆ ಬಂದು ಅರಿಶಿನ ಹಚ್ಚಿಕೊಳ್ಳುತ್ತಾ, "ಊರ್ ಮೋಟ್ರೆಲ್ಲ ರಿಪೇರಿ ಮಾಡ್ತೀರಿ. ನಿಮ್ ಕಾರಿಗೆ ನನ್ ಕೈಯೇ ದೀಪವಾ? ನಾಳೆಯಿಂದ ಬಸ್ಸಲ್ಲೇ ಓಯ್ತೀನಿ. ದೀಪ ಸರಿಯಾದ್ ದಿನ ಯೋಳಿ, ಬತ್ತೀನಿ" ಎಂದಳು.

ನನ್ನ ಕೈಯಾರೆ ಸರಿಮಾಡುತ್ತೇನೆಂದು ಮಾತು ಕೊಟ್ಟೆ. ಅವಳು ಅಂದಂತೆಯೇ ನಡೆದುಕೊಂಡಳು. ಎರಡು ಬಸ್ಸು ಬದಲಾಯಿಸಿ, ಊದಿದ ಕೈಯಲ್ಲೇ ಊಟದ ಡಬ್ಬಿ ಹಿಡಿದು ಅವಳು ನಡೆದು ಬರುವುದನ್ನು ಅಂಗಡಿಯಿಂದ ನೋಡುವಾಗ ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಎಲ್‌ಇಡಿ ಪಟ್ಟಿ ತಂದೆ. ಬಣ್ಣ ಮಾತ್ರ ನಿಯಮದಂತೆ ಕಿತ್ತಳೆಯೇ. ದೀಪದ ಗೂಡು ಬಿಚ್ಚಿದರೆ ಒಂದು ಕಪ್ಪು ತಂತಿ, ಹಳದಿ ಗೆರೆಯ ಒಂದು ಹಸಿರು ತಂತಿ. ನಮ್ಮ ವೃತ್ತಿಯಲ್ಲಿ ಹಸಿರೆಂದರೆ ಅರ್ತ್, ಅಂದರೆ ನೆಲಕ್ಕೆ ಹೋಗುವ ತಂತಿ, ಎರಡನೆಯ ಮಾತಿಲ್ಲ. ಹಸಿರನ್ನು ಕಾರಿನ ಬಾಡಿಯ ತಗಡಿಗೆ ಬಿಗಿದು ಸಿಗ್ನಲ್ ಹಾಕಿದೆ. ಫ್ಯೂಸು ಹೋಯಿತು. ಫ್ಯೂಸಿನದೇ ದೋಷವೆಂದು ಭಾವಿಸಿ ಇನ್ನೊಂದು ಹಾಕಿದೆ, ಅದೂ ಹೋಯಿತು. ಮೂರನೆಯದೂ ಹೋದ ಮೇಲೆ ನಾಚಿಕೆ ಬಿಟ್ಟು ಮದ್ದೂರಿನ ಕಾರು ವೈರಿಂಗ್‌ನವನ ಬಳಿ ಹೋದೆ.

ಅವನು ಸ್ಟೂಲಿನ ಮೇಲೆ ಕುಳಿತೇ ನಕ್ಕ. "ಹಸ್ರುನ್ನ ಬಾಡೀಗ್ ಕೊಟ್ಯಾ? ಇದು ಬೋರ್‌ವೆಲ್ ಅಲ್ಲ ಕಣಣ್ಣ. ಈ ಕಾರಲ್ಲಿ ಸಿಗ್ನಲ್ ಕರೆಂಟು ಬರೋದೇ ಹಸ್ರಲ್ಲಿ. ಕರೀದು ಅರ್ತು. ಬುಡು, ನಾನೇ ಹಾಕ್ಕೊಡ್ತೀನಿ."

"ಬ್ಯಾಡ. ನಾನೇ ಮಾಡ್ಬೇಕು. ಮನೇಲಿ ಮಾತ್ ಕೊಟ್ಟಿವ್ನಿ."

"ಓಹೋ, ಅಕ್ಕನ್ ಕೇಸಾ? ಅಂಗಾದ್ರೆ ಬಣ್ಣ ನಂಬಬ್ಯಾಡ, ಟೆಸ್ಟ್ ಲ್ಯಾಂಪ್ ಹಿಡ್ದು ನೋಡ್ಕೊ."

ಹಾಗೆಯೇ ಮಾಡಿದೆ. ಪಟ್ಟಿ ಬೆಳಗಿತು. ಆದರೆ ನಿಧಾನವಾಗಿ ಮಿನುಗುವ ಬದಲು ಹೆದರಿದವನ ಎದೆಯಂತೆ ಪಟಪಟ ಬಡಿದುಕೊಳ್ಳತೊಡಗಿತು. ಈ ಬಾರಿ ಯಾರನ್ನೂ ಕೇಳಬೇಕಾಗಲಿಲ್ಲ ಎಂಬುದನ್ನು ಹೆಮ್ಮೆಯಿಂದ ನಿವೇದಿಸುತ್ತೇನೆ. ಎಲ್‌ಇಡಿ ಎಳೆಯುವ ಕರೆಂಟು ಬಹಳ ಕಡಿಮೆ. ಬಲ್ಬು ಸುಟ್ಟಿದೆಯೆಂದು ಭಾವಿಸಿ ಮಿನುಗಿಸುವ ರಿಲೇ ಅವಸರ ಮಾಡುತ್ತದೆ. ಲೋಡಿನ ಲೆಕ್ಕ ನನಗೆ ಅನ್ನದಷ್ಟೇ ಪರಿಚಿತ. ದೀಪಕ್ಕೆ ಜೊತೆಯಾಗಿ ಹಸಿರಿಗೂ ಕಪ್ಪಿಗೂ ನಡುವೆ, ಹಳೆಯ ಬಲ್ಬಿನಷ್ಟೇ ಕರೆಂಟು ಎಳೆಯಲೆಂದು, ಒಂದು ರೆಸಿಸ್ಟರ್ ಸೇರಿಸಿದೆ. ಅದು ಬಿಸಿಯೇರುವ ವಸ್ತುವಾದ್ದರಿಂದ ಪ್ಲಾಸ್ಟಿಕ್ಕಿನಿಂದ ದೂರ, ಬರಿಯ ತಗಡಿಗೆ ಸ್ಕ್ರೂ ಹೊಡೆದು ಕೂರಿಸಿದೆ. ಮಿನುಗು ಸಮಾಧಾನದ ಲಯಕ್ಕೆ ಬಂತು.

ಭಾನುವಾರ ಸಂಜೆ, ಇಳಿಬಿಸಿಲು ದೀಪದ ಮೇಲೆ ನೇರವಾಗಿ ಬೀಳುವಂತೆ ಕಾರು ನಿಲ್ಲಿಸಿ, ಹಿಂದಕ್ಕೆ ನಡೆಯುತ್ತಾ ಹೋಗೆಂದು ಹೆಂಡತಿಗೆ ಹೇಳಿದೆ. ಹತ್ತು ಹೆಜ್ಜೆಗೊಮ್ಮೆ ತಿರುಗಿ "ಕಾಣ್ತದೆ" ಎನ್ನುತ್ತಿದ್ದಳು. ಕಬ್ಬಿನ ಗದ್ದೆ ದಾಟಿದಳು, ಕಾಣುತ್ತಿತ್ತು. ನಾಲೆಯ ಸೇತುವೆ ಮುಟ್ಟಿದಳು, ಕಾಣುತ್ತಿತ್ತು. ಅಲ್ಲಿಂದಲೇ ಕೂಗಿದಳು: "ಕಾಣ್ತದೆ ಬುಡಿ. ಇನ್ನೂ ಎಲ್ಲೀಗಂಟ ನಡುಸ್ತೀರಿ, ಮಳವಳ್ಳಿಗಾ?"

ಮಾರನೆಯ ಸಂಜೆ ಫಾರಂನ ಗೇಟಿನಲ್ಲಿ ಅವಳು ಮುಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲೇ ಕುಳಿತಳು. ತಿರುವಿನಲ್ಲಿ ಸಿಗ್ನಲ್ ಹಾಕಿದೆ. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ತಾನಾಗಿ ವೇಗ ತಗ್ಗಿಸಿತು, ಅದರ ಹಿಂದಿನ ಬೈಕುಗಳೂ ನಿಂತವು. ಅಷ್ಟು ಜನರನ್ನು ನಿಲ್ಲಿಸಿ ನಾನು ಮೆರವಣಿಗೆಯವನಂತೆ ನಿಧಾನವಾಗಿ ಬಲಕ್ಕೆ ತಿರುಗಿದೆ. ಅವಳ ಎರಡೂ ಕೈಗಳು ಮಡಿಲಲ್ಲಿದ್ದವು.

"ಎಡಗಡೇದ್ ಯಾವಾಗ?" ಎಂದಳು.

ಅದನ್ನೂ ಆ ವಾರವೇ ಮಾಡಿ ಮುಗಿಸಿದ್ದೇನೆ. ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ಕೆಂಪು ಶಾಯಿಯಲ್ಲಿ ತಿದ್ದಿಕೊಡಬೇಕಾಗಿ, ಕೈಮುಗಿದು ಪ್ರಾರ್ಥಿಸುತ್ತೇನೆ.