ಗಿನಿಪಿಗ್‌ಗೆ ಕೂಸಿನ ಎಣ್ಣೆಸ್ನಾನ

ಆ ಗಿನಿಪಿಗ್‌ನ ಮೈ ಹಾಳು ಮಾಡಿದ್ದು ಎಣ್ಣೆ. ಹುಟ್ಟಿನಿಂದಲೇ ಕೂದಲಿಲ್ಲದ ಆ ಪ್ರಾಣಿಯನ್ನು ನೌಕಾನೆಲೆಯ ಸಾಹೇಬರೊಬ್ಬರು ವರ್ಗವಾದಾಗ ಅಮದಳ್ಳಿಯ ಸುಶೀಲಕ್ಕನಿಗೆ ಕೊಟ್ಟು ಹೋಗಿದ್ದರು. ಅವಳು ಅದನ್ನು ಎಳೆಗೂಸಿನಂತೆ ದಿನಾ ಕೊಬ್ಬರಿ ಎಣ್ಣೆ ತಿಕ್ಕಿ ಮೀಯಿಸುತ್ತಿದ್ದಳು. ಪಶು ಆಸ್ಪತ್ರೆಯ ಸಹಾಯಕನಾದ ನಾನು ಅವಳ ಕೋಳಿಗಳಿಗೆ ಚುಚ್ಚುಮದ್ದು ಹಾಕಲು ಹೋದಾಗ ಅದರ ಬೆನ್ನ ತುಂಬ ಹುಳುಕಡ್ಡಿಯ ಕೆಂಪು ಉಂಗುರಗಳು.

“ಅಕ್ಕಾ, ಎಣ್ಣೆ ನಿಲ್ಲಿಸು. ಈ ಉಂಗುರ ಬೂಷ್ಟಿನಿಂದ ಬರೋದು; ಜಿಡ್ಡು, ಒದ್ದೆ ಇದ್ದಲ್ಲೇ ಅದು ಬೆಳೆಯೋದು.”

“ನಾಕು ಮಕ್ಕಳನ್ನ ಹೀಗೇ ಮೀಸಿ ದೊಡ್ಡ ಮಾಡಿದ್ದೆ, ತಮಾ. ನೀ ಎಷ್ಟು ಕೂಸು ಮೀಸಿದ್ಯೋ?”

ಗಿನಿಪಿಗ್‌ ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ ಅವಳ ಮೊಮ್ಮಗಳ ಮುಂಗೈಯನ್ನು ನಾನು ತಿರುಗಿಸಿ ತೋರಿಸಿದೆ. ಅಲ್ಲೂ ಅದೇ ಉಂಗುರ. ಅಕ್ಕ ಎಣ್ಣೆಯ ಗಿಂಡಿಯನ್ನು ಕೆಳಗಿಟ್ಟಳು.

ಹುಡುಗಿ ಕಾರವಾರದ ಡಾಕ್ಟರ ಬಳಿ ಹೋದಳು, ಗಿನಿಪಿಗ್ ಅಂಕೋಲೆಯ ಪಶುವೈದ್ಯರ ಬಳಿ ಹೋಯಿತು. ಮುಲಾಮು ಹಚ್ಚಿ, ಮೈ ಒಣಗಿಸಿಟ್ಟ ಮೇಲೆ ಇಬ್ಬರಿಗೂ ಗುಣವಾಯಿತು. ಅಕ್ಕ ಈಗ ಆ ಎಣ್ಣೆಯನ್ನು ನನ್ನ ತಲೆಗೆ ತಿಕ್ಕಲು ಕಾಯುತ್ತಾಳೆ. ನೀವು ಸಾಕಿದ ಪ್ರಾಣಿಯ ಮೈಮೇಲೆ ಉಂಗುರ ಕಂಡರೆ ಎಣ್ಣೆ ಹಚ್ಚಬೇಡಿ, ಇವತ್ತೇ ವೈದ್ಯರಿಗೆ ತೋರಿಸಿ.