ಮಗಳ ಮುಖಕ್ಕೆ ಲೇಸರ್ ಮಾಡಿಸಿದ ವರ್ಷ

ನನ್ನ ರೇಜರ್ ಇದ್ದಕ್ಕಿದ್ದಂತೆ ಬೇಗ ಬೇಗ ಮೊಂಡಾಗತೊಡಗಿತ್ತು. ವಾರಕ್ಕೆ ಎರಡು ಸಲ ಗಡ್ಡ ತೆಗೆಯುವವನು ನಾನು. ಒಂದು ಬ್ಲೇಡು ತಿಂಗಳು ಬರುತ್ತಿತ್ತು. ಈಗ ಎರಡನೇ ಸಲಕ್ಕೇ ಕೆನ್ನೆ ಎಳೆದು ಉರಿಯುತ್ತಿತ್ತು. ದಾರ ಕತ್ತರಿಸಲು ಹೆಂಡತಿ ತೆಗೆದುಕೊಳ್ಳುತ್ತಾಳೇನೋ ಎಂದು ಅವಳ ಮೇಲೆ ರೇಗಿದೆ. ಅವಳು ಬಚ್ಚಲುಮನೆಯ ಕಡೆ ನೋಡಿ, ದನಿ ತಗ್ಗಿಸಿ, "ಮಗಳು ತಗೋತಾಳೆ ಕಣ್ರೀ. ಕೂಗಾಡ್ಬೇಡಿ" ಅಂದಳು.

ನಾನು ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿರುವ ನೇಕಾರ. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂದೆ ನಾವು. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಒಬ್ಬಳೇ ಮಗಳು, ಆಗ ಬಿಕಾಂ ಮೊದಲನೇ ವರ್ಷ. ಕೊರೊನಾ ಹೋಗಿ ಎಲ್ಲರೂ ಮಾಸ್ಕ್ ಬಿಸಾಡಿದ ಮೇಲೂ ಅವಳು ಬಿಟ್ಟಿರಲಿಲ್ಲ. ಮಗ್ಗದ ಮನೆಯಲ್ಲಿ ನೂಲಿನ ಧೂಳು ಹಾರುತ್ತದಲ್ಲ, ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಊಟಕ್ಕೆ ಕೂತಾಗಲೂ ಗೋಡೆಯ ಕಡೆ ತಿರುಗಿ ಕೂರುತ್ತಾಳಲ್ಲ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ.

ಆವತ್ತು ಹೆಂಡತಿ ಎಲ್ಲ ಹೇಳಿದಳು. ಎರಡು ವರ್ಷದಿಂದ ಮಗಳ ಗದ್ದದ ಮೇಲೆ, ದವಡೆಯ ಉದ್ದಕ್ಕೆ, ಕುತ್ತಿಗೆಯಲ್ಲಿ ಕೂದಲು ಬರುತ್ತಿತ್ತು. ಮೊದಲು ಬ್ಯೂಟಿ ಪಾರ್ಲರಿನಲ್ಲಿ ದಾರದಿಂದ ತೆಗೆಸಿದರು. ವಾರದೊಳಗೆ ಮತ್ತೆ ಬಂತು, ಜೊತೆಗೆ ಕೀವುಗುಳ್ಳೆಗಳೂ ಬಂದವು. ಆಮೇಲೆ ನನ್ನ ರೇಜರ್. ಕಾಲೇಜಿನಲ್ಲಿ ಹುಡುಗರು ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು "ಏನ್ ಗುರು" ಅನ್ನುತ್ತಿದ್ದರಂತೆ.

"ನಿಮ್ಮಮ್ಮಂಗೂ ಇತ್ತಲ್ಲ, ಅದೇ ಇವಳಿಗೂ ಬಂದೈತೆ" ಎಂದಳು ಹೆಂಡತಿ. ಬೈಗುಳವಲ್ಲ ಅದು, ಸುಮ್ಮನೆ ಹೇಳಿದ್ದು. ನಿಜವೇ. ನಮ್ಮಮ್ಮ ಬಿಸಿಲಿಗೆ ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು ಗದ್ದದ ಕೂದಲು ಕಿತ್ತುಕೊಳ್ಳುತ್ತಿದ್ದಳು. ಅದನ್ನು ನೋಡಿ ಯಾರೂ ನಕ್ಕಿದ್ದು ನನಗೆ ನೆನಪಿಲ್ಲ. ನಗುತ್ತಿದ್ದರೋ ಏನೋ, ಅಂಥದ್ದೆಲ್ಲ ಗಂಡುಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ.

ದೇವನಹಳ್ಳಿಯ ಲೇಸರ್ ಕ್ಲಿನಿಕ್ಕನ್ನು ಮಗಳೇ ಫೋನಿನಲ್ಲಿ ಹುಡುಕಿದ್ದಳು. ಹೆಂಡತಿಗೆ ರಜೆ ಸಿಗಲಿಲ್ಲ. ಮಗ್ಗ ನಿಲ್ಲಿಸಿ ನಾನೇ ಹೊರಟೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಈ ಕಡೆ. ದಾರಿಯುದ್ದಕ್ಕೂ ಏನಾದರೂ ಸಮಾಧಾನದ ಮಾತು ಹೇಳಬೇಕೆಂದು ಹುಡುಕಿದೆ. ಕೊನೆಗೆ "ಹೊಟ್ಟೆಗೇನಾದ್ರೂ ತಿಂತೀಯಾ?" ಎಂದು ಕೇಳಿದೆ. ಬೇಡ ಅಂದಳು.

ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬದುಕಿದವರ ದನಿ ತಗ್ಗುವುದಿಲ್ಲ. ಕ್ಲಿನಿಕ್ಕಿನಲ್ಲಿ ಏಳೆಂಟು ಜನ ಹೆಂಗಸರು ಸದ್ದಿಲ್ಲದೆ ಕೂತಿದ್ದರು. "ಯಾವುದಕ್ಕೆ ಬಂದಿದ್ದೀರಿ ಸರ್?" ಎಂದು ಮೇಜಿನ ಹಿಂದಿದ್ದ ಹುಡುಗಿ ಕೇಳಿದಳು. "ನಮ್ ಹುಡುಗಿ ಮುಖದಾಗೆ ಕೂದ್ಲು ಬರ್ತಾ ಐತೆ, ಅದುಕ್ಕೆ" ಅಂದೆ. ಇಡೀ ಕೋಣೆಗೆ ಕೇಳಿಸಿತು. ಮಗಳು ನನ್ನ ತೋಳು ಹಿಡಿದು, "ಮೆಲ್ಲಗಪ್ಪ" ಅಂದಳು. ಅವಳ ಕಣ್ಣು ತುಂಬಿತ್ತು. ಹೇಳಿದ ಮಾತನ್ನು ವಾಪಸು ನುಂಗುವ ಹಾಗಿದ್ದರೆ ಅಲ್ಲೇ ನುಂಗುತ್ತಿದ್ದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಗಳ ಮಾಸ್ಕ್ ಬಿಚ್ಚಿಸಿ, ದೀಪ ಹಿಡಿದು, ಬೆರಳಿನಿಂದ ಗದ್ದ ಎತ್ತಿ ನೋಡಿದರು. ಆ ಬೆಳಕಿನಲ್ಲಿ ನಾನೂ ಮೊದಲ ಸಲ ಸರಿಯಾಗಿ ನೋಡಿದೆ. ಗಟ್ಟಿ ಕಪ್ಪು ಕೂದಲು, ಅಲ್ಲಲ್ಲಿ ಬ್ಲೇಡಿನ ಗಾಯ, ಹಳೆಯ ಗುಳ್ಳೆಗಳ ಕಲೆ.

"ಪೀರಿಯಡ್ಸ್ ಸರಿಯಾಗಿ ಆಗ್ತಿದೆಯಾ?" ಎಂದು ಡಾಕ್ಟರು ಕೇಳಿದರು. ಅವರು ನನ್ನ ಕಡೆ ನೋಡಿಯೇ ಕೇಳಿದ್ದರು. ನನಗೇನು ಗೊತ್ತು? ಹೆಂಡತಿಗೆ ಫೋನ್ ಮಾಡೋಣವೆಂದರೆ ಫ್ಯಾಕ್ಟರಿಯಲ್ಲಿ ಒಳಗೆ ಹೋಗುವಾಗಲೇ ಫೋನ್ ಇಸಿದುಕೊಂಡುಬಿಡುತ್ತಾರೆ. ಮಗಳೇ, ಅಂಗಡಿಯಲ್ಲಿ ಸಾಮಾನು ಹೇಳುವವಳ ಹಾಗೆ, "ಎರಡು ತಿಂಗಳಿಗೆ ಒಂದ್ಸಲ, ಮೂರು ತಿಂಗಳಿಗೆ ಒಂದ್ಸಲ" ಎಂದು ಹೇಳಿದಳು.

ಡಾಕ್ಟರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬರೆದರು. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಲೇಸರ್ ಬೆಳಕು ಕೂದಲಿನ ಕಪ್ಪನ್ನು ಹಿಡಿದು ಬೇರನ್ನು ಸುಡುತ್ತದೆ. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲವಾದ್ದರಿಂದ ಒಂದೇ ಸಲಕ್ಕೆ ಹೋಗುವುದಿಲ್ಲ. ತಿಂಗಳಿಗೋ ಆರು ವಾರಕ್ಕೋ ಒಂದರಂತೆ ಆರೆಂಟು ಸಲ ಬರಬೇಕು. ಮಧ್ಯೆ ದಾರ, ವ್ಯಾಕ್ಸ್ ಯಾವುದೂ ಕೂಡದು. ಬೇರು ಒಳಗೇ ಇರಬೇಕು, ಹಾಗಾಗಿ ಬೋಳಿಸಿಕೊಳ್ಳಬಹುದು ಅಷ್ಟೆ. ಬಿಸಿಲಿಗೆ ಮುಖ ಕೊಡಬಾರದು.

"ಆಮೇಲೆ ಪೂರ್ತಿ ಹೋಗುತ್ತಾ ಮೇಡಂ?" ಅಂದೆ.

"ಕಡಿಮೆ ಆಗುತ್ತೆ ಸರ್, ತೆಳ್ಳಗಾಗುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಹಾರ್ಮೋನ್ ಸರಿಯಿಲ್ಲದಿದ್ರೆ ಹೊಸದು ಬರ್ತಾನೇ ಇರುತ್ತೆ."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತಿತು. ಮಗಳಿಗೆ ಕೇಳಿಸಿದ್ದು "ಕಡಿಮೆ ಆಗುತ್ತೆ" ಅನ್ನುವುದಷ್ಟೇ ಎಂದು ಅವಳ ಮುಖದಿಂದಲೇ ಗೊತ್ತಾಯಿತು. ಚಿಕಿತ್ಸೆಗೆ ಒಪ್ಪಿಗೆಯೆಂದು ಕೊಟ್ಟ, ಇಂಗ್ಲಿಷಿನಲ್ಲಿದ್ದ ಎರಡು ಪುಟದ ಕಾಗದಕ್ಕೆ ಅವಳು ಸಹಿ ಹಾಕಿದಳು, ಕೆಳಗೆ ನಾನೂ ಹಾಕಿದೆ. ಸ್ಕ್ಯಾನಿಂಗಿನಲ್ಲಿ ಪಿಸಿಓಡಿ, ಅದೇ ಆ ಹಾರ್ಮೋನಿನ ತೊಂದರೆ, ಎಂದು ಬಂತು. ಅದಕ್ಕೆ ಬೇರೆ ಮಾತ್ರೆಗಳು.

ಮೊದಲ ಸಲದ ಚಿಕಿತ್ಸೆಗೆ ಹಿಂದಿನ ದಿನವೇ ಚೆನ್ನಾಗಿ ಬೋಳಿಸಿಕೊಂಡು ಬರಬೇಕೆಂದು ಹೇಳಿದ್ದರು. ಆವತ್ತು ಭಾನುವಾರ, ಆದರೂ ಹೆಂಡತಿಗೆ ಫ್ಯಾಕ್ಟರಿಯಲ್ಲಿ ಓಟಿ ಇತ್ತು. ಮಧ್ಯಾಹ್ನ ನಾನು ಕಡಿದ ಎಳೆಗೆ ಗಂಟು ಹಾಕುತ್ತಿದ್ದೆ. ಮಗಳು ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹೊಸ ರೇಜರ್ ಇತ್ತು. ಏನೋ ಹೇಳಿದಳು, ಸದ್ದಿಗೆ ಕೇಳಿಸಲಿಲ್ಲ. ಓಡುತ್ತಿದ್ದ ಉಳಿದ ಮಗ್ಗಗಳನ್ನೂ ನಿಲ್ಲಿಸಿದೆ.

"ಕುತ್ತಿಗೆ ಕೆಳಗೆ ನಂಗೆ ಕಾಣಲ್ಲ ಅಪ್ಪ. ಕೂದ್ಲು ಬಿಟ್ಟೋದ್ರೆ ಚರ್ಮ ಸುಟ್ಟೋಗುತ್ತಂತೆ. ನೀನೇ ತೆಗೆದ್ಬಿಡು."

ಹಿತ್ತಲ ಬಾಗಿಲಲ್ಲಿ, ಬೆಳಕಿರುವ ಕಡೆ ಸ್ಟೂಲಿನ ಮೇಲೆ ಕೂರಿಸಿದೆ. ಸೋಪು ಹಚ್ಚಿದೆ. ಅವಳು ತಲೆ ಹಿಂದಕ್ಕೆ ಎತ್ತಿ ಕಣ್ಣು ಮುಚ್ಚಿಕೊಂಡಳು. ಎಡಗೈಯಿಂದ ಚರ್ಮ ಎಳೆದು ಹಿಡಿದು, ಸ್ವಲ್ಪ ಸ್ವಲ್ಪವೇ ತೆಗೆದೆ. ರೇಜರಿನ ಕೆಳಗೆ ಕರ್ ಕರ್ ಎಂದು ಬಂದ ಸದ್ದು ನನ್ನ ಕೆನ್ನೆಯ ಮೇಲೆ ಬರುವ ಸದ್ದೇ. ಅವಳ ಗಂಟಲು ಒಂದೊಂದು ಸಲ ಉಗುಳು ನುಂಗುತ್ತಿತ್ತು, ಆಗ ರೇಜರ್ ಎತ್ತಿ ಕಾಯುತ್ತಿದ್ದೆ. ಎಣ್ಣೆ ಹಚ್ಚಿ ತಲೆ ಬಾಚಿದ್ದೇನೆ, ಜ್ವರ ಬಂದಾಗ ಮೈ ಒರೆಸಿದ್ದೇನೆ. ಮಗಳ ಗಡ್ಡ ತೆಗೆಯುತ್ತೇನೆಂದು ಯಾವ ಅಪ್ಪ ತಾನೇ ಅಂದುಕೊಂಡಿರುತ್ತಾನೆ?

ಮುಗಿದ ಮೇಲೆ ಟವಲಿನಿಂದ ಒರೆಸಿದೆ. "ಗಾಯ ಆಯ್ತಾ?" ಅಂದೆ. ಇಲ್ಲ ಅಂದಳು. ಎದ್ದು ಹೋಗುವಾಗ "ಅಮ್ಮಂಗೆ ಹೇಳ್ಬೇಡ, ಅಳ್ತಾಳೆ" ಅಂದಳು. ನಾನು ಹೇಳಲಿಲ್ಲ.

ಮಾರನೆಯ ದಿನ ಅವಳು ಒಳಗೆ ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಕರೆದಳು. ಲೇಸರ್ ಹಿಡಿಯುವ ಹುಡುಗಿ ಅಲ್ಲೇ ಹತ್ತಿರದ ಆವತಿಯವಳು. "ಬನ್ನಿ ಅಂಕಲ್, ಭಯ ಏನಿಲ್ಲ" ಎಂದು ನನಗೂ ಒಂದು ಕಪ್ಪು ಕನ್ನಡಕ ಕೊಟ್ಟಳು. ಮಗಳನ್ನು ಮಲಗಿಸಿ, ಕಣ್ಣಿಗೆ ಗವಸಿನಂಥ ಕನ್ನಡಕ ಕಟ್ಟಿ, ತಣ್ಣನೆಯ ಜೆಲ್ ಬಳಿದಳು. "ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂಗಾಗುತ್ತೆ ಅಷ್ಟೇ" ಎಂದಳು. ಯಂತ್ರ ಟಕ್ ಟಕ್ ಎಂದಿತು. ಪ್ರತಿ ಸಲವೂ ಮಗಳ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ. ಮೇಲ್ತುಟಿಗೆ ಬಂದಾಗ ಕನ್ನಡಕದ ಕೆಳಗಿಂದ ನೀರು ಇಳಿದು ಕಿವಿಗೆ ಹೋಯಿತು.

"ನಿಲ್ಸಮ್ಮ ಸ್ವಲ್ಪ" ಅಂದೆ.

"ಬೇಡ, ಮಾಡಿ" ಅಂದಳು ಮಗಳು, ತುಟಿ ಅಲುಗಿಸದೆ.

ನಾನು ಅವಳ ಪಾದ ಹಿಡಿದುಕೊಂಡೆ. ಬೇರೆ ಏನು ಮಾಡಲಿ?

ಹೊರಗೆ ಬಂದಾಗ ಅವಳ ಗದ್ದವೆಲ್ಲ ಕೆಂಪಾಗಿ, ಒಂದೊಂದು ಕೂದಲ ಬುಡವೂ ಬೆವರುಸಾಲೆಯ ಹಾಗೆ ಉಬ್ಬಿತ್ತು. ಸಂಜೆಗೆ ಇಳಿಯಿತು. ಹತ್ತು ದಿನದಲ್ಲಿ ಕೂದಲು ಮತ್ತೆ ಬೆಳೆದ ಹಾಗೆ ಕಂಡಿತು. ನಮಗೆ ಎದೆ ಒಡೆಯಿತು. ಫೋನ್ ಮಾಡಿದರೆ, ಅದು ಸತ್ತ ಕೂದಲು ಹೊರಗೆ ಬರುತ್ತಿರುವುದು, ತಾನೇ ಉದುರುತ್ತದೆ ಎಂದರು. ಹಾಗೆಯೇ ಆಯಿತು. ಸ್ನಾನ ಮಾಡುವಾಗ ಕರಿ ರವೆಯ ಹಾಗೆ ಉದುರಿತು ಎಂದು ಅವಳು ಬಂದು ತಾಯಿಗೆ ತೋರಿಸಿದಳು. ಎರಡನೆಯದಾಯಿತು, ಮೂರನೆಯದಾಯಿತು. ಮೂರನೆಯದರ ನಂತರ ಒಂದು ಬೆಳಿಗ್ಗೆ ಅವಳು ಮಾಸ್ಕಿಲ್ಲದೆ ಕಾಲೇಜಿಗೆ ಹೊರಟಳು. ನಾನು ಮಗ್ಗದ ಹಿಂದೆ ನಿಂತು ನೋಡಿದೆ. ಕರೆದು ಏನಾದರೂ ಹೇಳಿದರೆ ಎಲ್ಲಿ ತಿರುಗಿ ಬಂದು ಹಾಕಿಕೊಂಡುಬಿಡುತ್ತಾಳೋ ಎಂದು ಸುಮ್ಮನಿದ್ದೆ.

ನಾಲ್ಕನೆಯದಕ್ಕೆ ಎರಡು ದಿನ ಮುಂಚೆ ಕಾಲೇಜಿನಿಂದ ರಾಜಘಟ್ಟದ ಕಡೆ ಶ್ರಮದಾನಕ್ಕೆ ಕರೆದುಕೊಂಡು ಹೋಗಿದ್ದರು. ದಿನವಿಡೀ ಬಿಸಿಲಲ್ಲಿ ಕಸ ಗುಡಿಸಿದ್ದಾಳೆ, ಗೆಳತಿಯರ ಜೊತೆ ಫೋಟೋ ತೆಗೆಸಿಕೊಂಡಿದ್ದಾಳೆ. ಬಹಳ ದಿನಗಳ ಮೇಲೆ ಮುಖ ತೋರಿಸಿಕೊಂಡು ಓಡಾಡಿದ ಹುಡುಗಿಗೆ ಬಿಸಿಲಿನ ಲೆಕ್ಕ ಎಲ್ಲಿರುತ್ತದೆ? ಕ್ಲಿನಿಕ್ಕಿನಲ್ಲಿ ಆವತ್ತು ಬೇರೆ ಹುಡುಗಿ ಇದ್ದಳು. ಬಿಸಿಲಿಗೆ ಹೋಗಿದ್ದಿರಾ ಎಂದು ಕೇಳಲಿಲ್ಲ. ಕೂದಲು ಚೆನ್ನಾಗಿ ಕಡಿಮೆಯಾಗಿದೆ, ಈ ಸಲ ಪವರ್ ಸ್ವಲ್ಪ ಜಾಸ್ತಿ ಇಡುತ್ತೇನೆ ಎಂದಳು. ಮಗಳು ಹೂಂ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಎನ್ನಲು ನನಗೇನು ತಿಳಿಯುತ್ತದೆ?

ಎರಡನೇ ದಿನಕ್ಕೆ ದವಡೆಯ ಕೆಳಗೆ, ಎರಡೂ ಕಡೆ, ಯಂತ್ರದ ಮೂತಿ ಇಟ್ಟ ಗಾತ್ರಕ್ಕೆ ಸರಿಯಾಗಿ ಸಾಲು ಸಾಲು ಕಂದು ಬರೆಗಳು ಎದ್ದವು. ಹೆಂಡತಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. "ಚೆನ್ನಾಗಿದ್ದ ಮುಖನ ಸುಡ್ಸ್ಕೊಂಡು ಬಂದ್ರಲ್ರೀ" ಅಂದಳು. ಕೂದಲಿದ್ದಾಗ ಚೆನ್ನಾಗಿರಲಿಲ್ಲ ಎಂದು ಅತ್ತವಳೂ ಅವಳೇ.

ಜಗಳ ಮಾಡಲೆಂದೇ ದೇವನಹಳ್ಳಿಗೆ ಹೋದೆ. ಬಸ್ಸಿನಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಡಾಕ್ಟರು ಕಲೆಗಳನ್ನು ನೋಡಿ, "ಬಿಸಿಲಿಗೆ ಹೋಗಿದ್ರಾ?" ಎಂದು ಕೇಳಿದರು. ಮಗಳು ತಲೆ ತಗ್ಗಿಸಿದಳು. ಲೇಸರ್ ಹಿಡಿದ ಹುಡುಗಿಯೂ ಕೇಳಬೇಕಿತ್ತು, ಅದು ತಮ್ಮ ಕಡೆಯ ತಪ್ಪೇ ಎಂದು ಡಾಕ್ಟರು ಒಪ್ಪಿಕೊಂಡರು. ಆದರೆ ಹೀಗಾಗಬಹುದು ಎಂದು ನಾವು ಸಹಿ ಹಾಕಿದ ಕಾಗದದಲ್ಲಿ ಬರೆದಿದೆ ಎಂದೂ ಹೇಳಿದರು. ನನ್ನ ದನಿ ಏರತೊಡಗಿತು. ಹೊರಗೆ ಕಾಯುತ್ತಿದ್ದವರ ಮಾತು ನಿಂತಿತು. ಮಗಳು ನನ್ನ ಅಂಗಿಯ ತೋಳು ಎಳೆದು, "ಅಪ್ಪ, ಎಲ್ಲರಿಗೂ ಕೇಳುತ್ತೆ. ಸಾಕು" ಅಂದಳು. ಬಾಯಿ ಮುಚ್ಚಿದೆ. "ಮುಲಾಮು ಎಷ್ಟೊತ್ತಿಗೆ ಹಚ್ಬೇಕು ಮೇಡಂ?" ಎಂದು ಕೇಳಿದೆ. ಜೋಡಿಸಿಕೊಂಡು ಹೋಗಿದ್ದ ಅಷ್ಟೂ ಮಾತಿನಲ್ಲಿ ಬಾಯಿಂದ ಬಂದದ್ದು ಅದೊಂದೇ.

ಬರೆಗಳು ಮಾಸಲು ಐದಾರು ತಿಂಗಳು ಹಿಡಿಯಿತು. ಬಲಗಡೆ ಒಂದು ಇನ್ನೂ ಉಳಿದಿದೆ. ಅಷ್ಟು ದಿನ ಲೇಸರ್ ನಿಲ್ಲಿಸಬೇಕಾಯಿತು, ಆ ಹೊತ್ತಿನಲ್ಲಿ ಕುತ್ತಿಗೆಯ ಕೂದಲು ಮತ್ತೆ ಬಂತು. ಆಮೇಲೆ ಉಳಿದವನ್ನೂ ಮುಗಿಸಿದೆವು. ಮೇಲ್ತುಟಿ, ಕೆನ್ನೆ ಚೆನ್ನಾಗಿಯೇ ಆಗಿವೆ, ಸುಳ್ಳು ಹೇಳಬಾರದು. ಗದ್ದದಲ್ಲಿ ಮೊದಲಿನ ಕಾಲು ಭಾಗ ಇರಬಹುದು, ತೆಳ್ಳಗೆ. ದವಡೆಯ ಕೆಳಗೆ ಮಾತ್ರ ಬರುತ್ತಲೇ ಇದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಂದು ಮಾಡಿಸಿಕೊಂಡು ಹೋಗುತ್ತಿರಿ ಎಂದಿದ್ದಾರೆ.

"ಎಲ್ಲೀಗಂಟ ಮೇಡಂ?" ಎಂದು ಕೊನೆಯ ದಿನ ಕೇಳಿದ್ದೆ. ಡಾಕ್ಟರು ಮಗಳ ಕಡೆ ನೋಡಿ, ತೂಕ ನೋಡ್ಕೊಮ್ಮ, ಮಾತ್ರೆ ಬಿಡಬೇಡ ಎಂದರು.

ಈಗ ಅವಳದು ಕೊನೆಯ ವರ್ಷ. ಯಾರ ಫೋಟೋದಲ್ಲಿ ನಿಲ್ಲುತ್ತಾಳೆ, ಯಾರದರಲ್ಲಿ ಇಲ್ಲ, ನನಗೆ ತಿಳಿಯುವುದಿಲ್ಲ. ಕೆಲವು ದಿನ ನಗುತ್ತಾಳೆ. ಕೆಲವು ದಿನ ಕನ್ನಡಿಯ ಮುಂದೆ ಬಹಳ ಹೊತ್ತು ಇದ್ದು, ಹೊರಗೆ ಬಂದು, ಯಾರ ಜೊತೆಯೂ ಮಾತಾಡದೆ ಮಲಗುತ್ತಾಳೆ. ಆಗ ಹೆಂಡತಿ ಅವಳ ಪಾಲಿನ ಊಟ ಮುಚ್ಚಿಡುತ್ತಾಳೆ.

ಹೋದ ತಿಂಗಳು ದೇವನಹಳ್ಳಿಗೆ ಹೋಗುವ ದಿನ ನಾನು ಅಂಗಿ ಬದಲಿಸಿ ಚಪ್ಪಲಿ ಮೆಟ್ಟಿದ್ದೆ. "ನೀನು ಬರೋದು ಬೇಡಪ್ಪ, ನಾನೊಬ್ಳೇ ಹೋಗ್ತೀನಿ. ನೀನು ಅಲ್ಲಿ ಸಂಕಟ ಪಟ್ಕೊಂಡು ಕೂತಿದ್ರೆ ನಿನ್ ಮುಖ ನೋಡೋಕಾಗಲ್ಲ ನನಗೆ" ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ ಸ್ಟ್ಯಾಂಡಿನವರೆಗಾದರೂ ಬರುತ್ತೇನೆ ಎಂದೆ, ಅದಕ್ಕೆ ಒಪ್ಪಿದಳು. ಬಸ್ಸು ತುಂಬಿತ್ತು. ಅವಳು ಹತ್ತಿ ಕಂಬಿ ಹಿಡಿದು ನಿಂತಳು. ಸೀಟು ಸಿಕ್ಕಿತೋ ಇಲ್ಲವೋ, ನೋಡುವಷ್ಟರಲ್ಲಿ ಬಸ್ಸು ಹೊರಟಿತು.